ತಪ್ಪಾಯ್ತು ಎಂದವಳ ಸಾಕ್ಷಿ

"ಹೌದೋ ಅಲ್ಲವೋ, ಅಷ್ಟೇ ಹೇಳಿ," ಎಂದಳು ಎದುರು ಪಕ್ಷದ ವಕೀಲೆ. ದುಭಾಷಿ ಅದನ್ನು ನಮ್ಮ ಅಮ್ಹಾರಿಕ್ ಭಾಷೆಗೆ ತಿರುಗಿಸಿದ. "ಯೆಶಿಮೆಬೆತ್ ನಿಮ್ಮೆದುರಿಗೆ ತಪ್ಪಾಯ್ತು ಅಂದ್ರಾ?"

ನಾನು ಮೂವತ್ತು ವರ್ಷ ಅಡಿಸ್ ಅಬಾಬಾದಲ್ಲಿ ಪಂಚಾಯಿತಿ ಮಾಡಿದವನು. ಗಂಡ ಹೆಂಡಿರು, ಪಾಲುದಾರರು, ಬೇಲಿಗಾಗಿ ಬಡಿದಾಡಿದ ಅಣ್ಣ ತಮ್ಮಂದಿರು, ಎಲ್ಲರನ್ನೂ ಒಂದೇ ತಟ್ಟೆಯ ಇಂಜೆರಾ ರೊಟ್ಟಿ ಮುರಿಯುವಂತೆ ಮಾಡಿದ್ದೇನೆ. ಹೋಟೆಲಿನ ತಣ್ಣನೆಯ ಕೋಣೆಯಲ್ಲಿ, ತೀರ್ಪು ಕೊಡಲು ಕೂತ ಮೂರು ದೇಶಗಳ ಮೂವರು ಮಧ್ಯಸ್ಥರ ಮುಂದೆ ಒಂದೇ ಪದದಲ್ಲಿ ಉತ್ತರ ಹೇಳು ಎಂದಾಗ ಮಾತ್ರ ತಲೆ ಗಿರ್ರೆಂದಿತು.

ಸಂಗತಿ ಇಷ್ಟೇ. ಯೆಶಿ, ಅಂದರೆ ಯೆಶಿಮೆಬೆತ್, ಕಳಿಸಿದ ಕಾಫಿ ಬೀಜ ಜರ್ಮನಿ ತಲುಪುವಷ್ಟರಲ್ಲಿ ಬೂಷ್ಟು ಹಿಡಿದಿತ್ತು. ಕೊಂಡುಕೊಂಡ ಹೋಲ್ಗರ್ ಇವಳದೇ ತಪ್ಪು ಎಂದ. ಇವಳು ಹಡಗಿನವರದು ಎಂದಳು. ತೀರ್ಪು ಅವನ ಕಡೆಗಾದರೆ ಯಿರ್ಗಾಲೆಮ್ ಊರಿನಲ್ಲಿ ಈ ವಿಧವೆ ಕೈಯಾರೆ ಕಟ್ಟಿದ ಕಾಫಿ ತೊಳೆಯುವ ಅಂಗಳ ಹೋದಂತೆಯೇ. ಜಗಳ ಇಲ್ಲಿಯವರೆಗೆ ಬರಬಾರದೆಂದು ಹೋದ ವರ್ಷ ನಾನೇ ಇಬ್ಬರನ್ನೂ ಮನೆಗೆ ಕರೆದಿದ್ದೆ.

"ತಪ್ಪಾಯ್ತು ಅನ್ನು," ಎಂದಿದ್ದೆ ಯೆಶಿಗೆ.

"ನಾನೇನು ಮಾಡಿದೀನಿ, ಗಾಶೆ?" ಹಿರಿಯರನ್ನು ನಾವು ಕರೆಯುವುದೇ ಹಾಗೆ.

"ಏನೂ ಮಾಡ್ದೇ ಇದ್ರೂ ಅನ್ಬೇಕು ಕಣೇ. ಬಾಯಿ ಸವೆದು ಹೋಗುತ್ತಾ? ನೀನೂ ಅಂತೀಯ, ಅವನೂ ಅಂತಾನೆ, ಮುಗೀತು."

ಯಾರು ಸರಿ ಎಂದು ಕೇಳುವ ಮೊದಲೇ ಇಬ್ಬರೂ ಕ್ಷಮೆ ಕೇಳುವುದು ನಮ್ಮ ಪದ್ಧತಿ. ಅವಳು ಬಗ್ಗಿ ಹೋಲ್ಗರನ ಮಂಡಿ ಮುಟ್ಟಿ ಅಂದಳು. ಆ ಪುಣ್ಯಾತ್ಮ ಮೂರನೆಯ ಸುತ್ತಿನ ಕಾಫಿ ಕುಡಿದು, ಥ್ಯಾಂಕ್ಸ್ ಹೇಳಿ ಎದ್ದು ಹೋದ. ಅದೇ ವಾರ ಅವನ ವಕೀಲೆಯ ಪತ್ರ ಬಂತು: ತಪ್ಪೊಪ್ಪಿಕೊಂಡಿದ್ದಾರೆ, ಸಾಕ್ಷಿ ಇದ್ದಾರೆ. ಸಾಕ್ಷಿ ಎಂದರೆ ನಾನು!

"ಅಂದಳು," ಎಂದೆ. ಪ್ರಮಾಣ ಮಾಡಿ ಸುಳ್ಳು ಹೇಳಲೇ?

"ಧನ್ಯವಾದ. ಇನ್ನೇನೂ ಕೇಳೋದಿಲ್ಲ."

"ಅಲ್ಲ ತಾಯೀ, ಅದು ಹಾಗಲ್ಲ..."

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ."

ಹೇಳಿದ್ದು ಸತ್ಯ. ಆದರೂ ಸುಳ್ಳುಸಾಕ್ಷಿ ಹೇಳಿದಂತಾಯಿತು. ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯದೆ ಎದ್ದೆ. ನೇರ ಹೋಲ್ಗರನ ಬಳಿ ಹೋಗಿ ಬಗ್ಗಿ ಅವನ ಮಂಡಿ ಹಿಡಿದೆ. "ತಪ್ಪಾಯ್ತಪ್ಪಾ!"

ಅವನು ಗಾಬರಿಯಾಗಿ ಎದ್ದ. "ಬೇಡ ಬೇಡ! ಸಾರಿ, ಸಾರಿ, ಎದ್ದೇಳಿ!"

ವಕೀಲೆಯ ಕಡೆ ತಿರುಗಿದೆ. "ಇದನ್ನೂ ಬರ್ಕೊಳಮ್ಮ. ನಾನು ಯಾವ ಮೂಟೆ ಕೆಡಿಸಿದೆ? ಇವನು ಯಾವುದನ್ನ ಕೆಡಿಸಿದ?"

ಮೂವರು ಮಧ್ಯಸ್ಥರಲ್ಲಿ ನಡುವೆ ಕೂತಿದ್ದ ನೈರೋಬಿಯ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಗು ನುಂಗಿಕೊಂಡಳು. ಆಮೇಲೆ ವಕೀಲೆಯ ಪತ್ರವನ್ನು ಪಕ್ಕಕ್ಕೆ ಸರಿಸಿದಳು.

"ಕ್ಷಮೆ ವಿಷಯ ಬಿಡೋಣ. ಹಡಗಿಗೆ ತುಂಬೋ ದಿನ ಕಾಫಿ ಎಷ್ಟು ಒಣಗಿತ್ತು ಅನ್ನೋ ಪರೀಕ್ಷೆ ಚೀಟಿ ಇದೆಯಲ್ಲ, ಅದನ್ನ ನೋಡೋಣ."

ಬಿಡುವಿನಲ್ಲಿ ಯೆಶಿಯ ಹತ್ತಿರ ಹೋಗಿ, "ನೋಡಿದ್ಯಾ, ಹೇಗೆ ಉಳಿಸಿದೆ!" ಎಂದು ಬೀಗಿದೆ.

ಅವಳು ನಗಲಿಲ್ಲ. "ಆ ಚೀಟೀನ ಹೋದ ವರ್ಷ ನಿಮ್ಮನೇಲೇ ಚೀಲದಿಂದ ತೆಗೆದಿದ್ದೆ, ಗಾಶೆ. ಅದೆಲ್ಲ ಈಗ್ಯಾಕೆ, ಒಳಗಿಡು ಅಂದ್ರಿ."

ಅಂದಿದ್ದೆನೇ? ನೆನಪಾಗಲಿಲ್ಲ. ಅನ್ನದೇ ಬಿಡುವ ಜಾಯಮಾನದವನೂ ನಾನಲ್ಲ. ತಪ್ಪಾಯ್ತು ಎನ್ನಲು ಬಾಯಿ ತೆರೆದೆ. ಈ ಸಲ ತಪ್ಪು ನಿಜಕ್ಕೂ ನನ್ನದೇ ಆಗಿತ್ತು; ಮಾತು ಗಂಟಲಿನಿಂದ ಮೇಲೆ ಬರಲೇ ಇಲ್ಲ.