ವಾಕಿಟಾಕಿಯಲ್ಲಿ ಮಾತುಬಿಟ್ಟವರು

ಭಾವ ಮೇಲೆ ಕ್ರೇನಿನ ಗೂಡಿನಲ್ಲಿ, ಬಾಮೈದ ಕೆಳಗೆ ನೆಲದ ಮೇಲೆ. ಬಾಮೈದನ ಮದುವೆಯಲ್ಲಿ ಮನೆಮಂದಿಯ ಫೋಟೋಗೆ ಭಾವನನ್ನು ಕರೆಯುವುದು ಮರೆತುಹೋಗಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಕೆಲಸಕ್ಕೇನೂ ಅಡ್ಡಿಯಾಗಿರಲಿಲ್ಲ. ಬಾಮೈದ ಕೈ ಎತ್ತಿದರೆ ಕಬ್ಬಿಣದ ಕಂತೆ ಏರುತ್ತಿತ್ತು, ಮುಷ್ಟಿ ಬಿಗಿದರೆ ನಿಲ್ಲುತ್ತಿತ್ತು. ಮುಖ ನೋಡಲು ಮನಸ್ಸಿಲ್ಲದಿದ್ದರೂ ಭಾವನಿಗೆ ಆ ಕೈಗಳ ಮೇಲೆ ಪೂರ್ತಿ ನಂಬಿಕೆ.

ಕಟ್ಟಡ ಎತ್ತರವಾದಂತೆ ಕೈ ಕಾಣದಾಯಿತು. ಎಂಜಿನಿಯರ್ ಇಬ್ಬರಿಗೂ ವಾಕಿಟಾಕಿ ಕೊಟ್ಟರು.

"ಬಾಯಿಬಿಟ್ಟು ಹೇಳದೆ ಏನೂ ಅಲ್ಲಾಡಬಾರದು. ಆಗಲ್ಲ ಅಂದ್ರೆ ಕೆಳಗೆ ಬೇರೆಯವರನ್ನ ಹಾಕ್ತೀನಿ."

ಭಾವನಿಗೆ ಅದು ಒಪ್ಪಿಗೆಯಾಗಲಿಲ್ಲ. ಯಾರೋ ಗೊತ್ತಿಲ್ಲದವನ ಮಾತಿಗೆ ಅಷ್ಟು ಭಾರ ಇಳಿಸುವುದು ಹೇಗೆ?

ಬಾಮೈದ ಕೆಲಸವನ್ನೂ ಬಿಡಲಿಲ್ಲ, ಹಟವನ್ನೂ ಬಿಡಲಿಲ್ಲ. ಗೋಡೆಗೆ ಹೇಳುವವನಂತೆ ಶುರುಮಾಡಿದ.

"ಮೇಲಿರೋರು ಸ್ವಲ್ಪ ಎಡಕ್ಕೆ ಬರಬೇಕಂತೆ."

"ಬಂದಾಯ್ತಂತೆ," ಎಂದ ಭಾವ.

"ಇಳಿಸಬಹುದಂತೆ."

"ಇಳಿಸ್ತಾರಂತೆ."

ವಾಕಿಟಾಕಿ ಇದ್ದ ಉಳಿದ ಕೆಲಸದವರಿಗೂ ಇದು ಕೇಳಿಸುತ್ತಿತ್ತು. "ಬೀಗರು ಮಾತಾಡ್ತಿದಾರೆ, ಸುಮ್ನಿರ್ರೋ," ಎಂದು ವೆಲ್ಡರ್ ನಗಿಸುತ್ತಿದ್ದ.

ಆಮೇಲೆ ಎರಡನೆಯ ಕ್ರೇನ್ ಬಂತು, ಅದರಲ್ಲೊಬ್ಬ ಹೊಸ ಡ್ರೈವರ್. ಅವನೂ ಅದೇ ವಾಕಿಟಾಕಿಯ ಮಾತು ಕೇಳಿಯೇ ಕೆಲಸ ಮಾಡಬೇಕಿತ್ತು. ಒಂದು ಬೆಳಿಗ್ಗೆ ಬಾಮೈದ ಎಂದಿನಂತೆ, "ಮೇಲಿರೋರು ಇಳಿಸಬಹುದಂತೆ" ಎಂದ. ಮೇಲಿರೋರು ಈಗ ಇಬ್ಬರು. ಹೊಸಬ ತನಗೇ ಹೇಳಿದ್ದೆಂದು ಪೈಪುಗಳ ಕಂತೆ ಇಳಿಸತೊಡಗಿದ. ಅದು ಬರುತ್ತಿದ್ದುದು ನೇರ ಬಾಮೈದನ ಬೆನ್ನಿಗೆ.

ಭಾವ ಗಾಜಿನಿಂದ ಅದನ್ನು ಕಂಡ. ಬಟನ್ ಒತ್ತಿದ. "ಕೆಳಗಿರೋರು..." ಎಂದು ನಾಲಿಗೆ ಹೊರಳಿ, ತಡೆಯಿತು. ಕೆಳಗೆ ಗುಂಪುಗುಂಪಾಗಿ ಜನ, ಎಲ್ಲರೂ ಕೆಳಗಿರೋರೇ. ಬಾಮೈದ ಮಾತ್ರ ಒಬ್ಬನೇ.

"ಲೋ ಬಾಮೈದಾ! ಬಲಕ್ಕೆ ಓಡೋ!"

ಹಳದಿ ಟೊಪ್ಪಿಯ ಚುಕ್ಕೆ ಬಲಕ್ಕೆ ಹಾರಿತು. ಪೈಪುಗಳು ಅವನು ನಿಂತಿದ್ದ ಜಾಗಕ್ಕೆ ಬಡಿದು ಧೂಳೆದ್ದಿತು.

"ಇದೀನಿ, ಭಾವ."

ಭಾವ ಗಾಜಿಗೆ ಮುಖವೊತ್ತಿ ಧೂಳಿನಲ್ಲಿ ಆ ಹಳದಿ ಚುಕ್ಕೆಯನ್ನು ಹುಡುಕುತ್ತಿದ್ದ.

"ಭಾವ? ಕೇಳಿಸ್ತಾ?"

"ನಿಮ್ಮಕ್ಕಂಗೆ ಹೋಗಿ ಏನು ಹೇಳ್ಬೇಕಿತ್ತೋ ನಾನು, ಮುಟ್ಠಾಳ!"

ಈ ಸಲ ವೆಲ್ಡರ್ ಕೂಡ ನಗಲಿಲ್ಲ. ಹೊಸಬನ ದನಿ ಅಳುತ್ತಿತ್ತು. "ತಪ್ಪಾಯ್ತಣ್ಣ, ನಂಗೇ ಹೇಳಿದ್ದು ಅಂದ್ಕೊಂಡೆ."

"ನಿನ್ ತಪ್ಪಲ್ಲ ಬಿಡಪ್ಪ," ಎಂದ ಬಾಮೈದ, ಏದುಸಿರಿನಲ್ಲೇ. "ಇನ್ಮೇಲೆ ನಾನು 'ಭಾವ' ಅಂದ್ರೆ ನೀನು ಅಲ್ಲಾಡ್ಬೇಡ."