ಆಡಳಿತ ಮಂಡಳಿಯ ಅಂಗಿಗಳು

ಕುಲಗೋಡದ ಫುಟ್‌ಬಾಲ್ ಸಂಘದ ಅಧ್ಯಕ್ಷ ಗುರುಪಾದ ಸಾವುಕಾರರಿಗೆ, ಚೆಂಡು ದುಂಡಗಿರುತ್ತದೆ ಎಂಬುದೊಂದನ್ನು ಬಿಟ್ಟರೆ ಆ ಆಟದ ಬಗ್ಗೆ ಬೇರೇನೂ ತಿಳಿಯದು ಎಂದು ಕಸ್ತೂರಿ ನಂಬಿದ್ದಳು. ಆ ವರ್ಷದ ರಾಷ್ಟ್ರೀಯ ಕಪ್ಪಿನ ಪಂದ್ಯಗಳು ಮುಗಿಯುವ ಹೊತ್ತಿಗೆ ಚೆಂಡಿನ ವಿಷಯದಲ್ಲೂ ಅವಳಿಗೆ ಸಂಶಯ ಹುಟ್ಟಿತ್ತು.

ಕಸ್ತೂರಿ ಮೂಡಲಗಿಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಮಮದಾಪುರದ ಕುರಿಗಾರರ ಮನೆಯಲ್ಲಿ ಹುಟ್ಟಿ, ವಿಶ್ವವಿದ್ಯಾಲಯದ ತಂಡಕ್ಕೆ ಆಡಿ, ತರಬೇತುದಾರರ ಪರೀಕ್ಷೆಯನ್ನೂ ಮುಗಿಸಿದವಳು. ಹತ್ತಿರದ ಕುಲಗೋಡದ ಹುಡುಗರು ಬರಿಗಾಲಿನಲ್ಲಿ ಚೆಂಡು ಒದೆಯುತ್ತಿದ್ದ ಕಾಲದಿಂದ ಅವರನ್ನು ತಿದ್ದಿ ತೀಡಿದ್ದಳು. ಅವರಲ್ಲಿ ಕೆಲವರು ಕಬ್ಬಿನ ಟ್ರ್ಯಾಕ್ಟರು ಹತ್ತಿದರು, ಕೆಲವರು ಕುರಿಯ ಹಿಂದೆ ನಡೆದರು, ಕೆಲವರು ಘಟಪ್ರಭಾದ ಅಂಗಡಿಗಳನ್ನು ಸೇರಿದರು. ಆದರೂ ಬೆಳಗಾಗುತ್ತಲೇ ಅವಳ ಸೀಟಿಯ ಸದ್ದಿಗೆ ಮೈದಾನಕ್ಕೆ ಬರುವುದನ್ನು ಯಾರೂ ಬಿಡಲಿಲ್ಲ.

ಸಂಘ ಹುಟ್ಟಿದ್ದು ಬಹಳ ತಡವಾಗಿ. ರಾಷ್ಟ್ರೀಯ ನಾಕೌಟ್ ಕಪ್ಪಿಗೆ ಸಣ್ಣ ಊರಿನ ತಂಡಗಳೂ ಹೆಸರು ಕೊಡಬಹುದು, ಆದರೆ ಅವಕ್ಕೊಂದು ನೋಂದಾಯಿತ ಸಂಘವಿರಬೇಕು ಎಂದು ತಿಳಿದಾಗ ಕಸ್ತೂರಿ ಗುರುಪಾದರ ಮನೆಯ ಕಟ್ಟೆ ಹತ್ತಿದಳು. ಅವರು ಸಂತೋಷದಿಂದ ಒಪ್ಪಿದರು. ನೋಡನೋಡುತ್ತಿದ್ದಂತೆ ಅಧ್ಯಕ್ಷರು, ಗೌರವಾಧ್ಯಕ್ಷರು, ಉಪಾಧ್ಯಕ್ಷರು, ಸಂಚಾಲಕರು, ಸಹಸಂಚಾಲಕರು, ಮಾರ್ಗದರ್ಶಕರು ಎಂದು ಆಡಳಿತ ಮಂಡಳಿ ಹಿಗ್ಗುತ್ತ ಹೋಗಿ, ಆಡುವವರಿಗಿಂತ ಆಡಿಸುವವರೇ ಹೆಚ್ಚಾದರು. ಮಾರ್ಗದರ್ಶಕರಿಗೆ ಮೈದಾನದ ಮಾರ್ಗವನ್ನು ಕಸ್ತೂರಿಯೇ ತೋರಿಸಬೇಕಾಯಿತು.

"ಒಂದ ಆಟ ಸೋತ್ರ ಮುಗೀತೇನ್ರಿ?" ಎಂದು ಸಾವುಕಾರರು ಆ ದಿನ ಕೇಳಿದರು.

"ಮುಗೀತ್ರಿ. ನಾಕೌಟ್ ಅಂದ್ರ ಅದ ರಿ. ಸೋತಾವ ಮನೀಗಿ."

"ಹಂಗಾರ ನಿಮಗೂ ಅದ ನೇಮ, ಅಕ್ಕೋರ. ಗೆಲ್ಲೂತನಕ ತಂಡ ನಿಮ್ಮದು. ಸೋತ ದಿನಾ ನಮ್ಮ ಅಳಿಯಾ ಸೋಮಶೇಖರ ನೋಡ್ಕೋತಾನ. ಗಂಡುಹುಡುಗ್ರನ್ನ ಹೆಣ್ಮಗಳ ಕೈಯಾಗ ಕೊಟ್ಟಾರಂತ ಮಂದಿ ಈಗ ನಗಾಕತ್ತಾರ."

ಸೋಮಶೇಖರನು ಫುಟ್‌ಬಾಲನ್ನು ಮೊಬೈಲಿನಲ್ಲಿ ಬಲ್ಲವನು. ಪರದೇಶದ ಆಟಗಾರರ ಹೆಸರುಗಳೆಲ್ಲ ಅವನಿಗೆ ಬಾಯಿಪಾಠ. ಆದರೆ ಅವನು ಓಡಿದ್ದನ್ನು ಕಂಡವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಅಂಥವನ ಕೈಗೆ ತನ್ನ ಹುಡುಗರು ಹೋಗುವುದನ್ನು ನೆನೆದೇ ಕಸ್ತೂರಿಗೆ ಬಾಯಿ ಕಹಿಯಾಯಿತು. ಆದರೂ ಅವಳು ಆ ಮಾತಿಗೆ ಒಪ್ಪಿದಳು. ಒಪ್ಪದಿದ್ದರೆ ಕಪ್ಪಿಲ್ಲ, ಕಪ್ಪಿಲ್ಲದಿದ್ದರೆ ಈ ಹುಡುಗರ ಆಟವನ್ನು ಕುಲಗೋಡದ ಕುರಿಗಳ ಹೊರತು ಇನ್ನಾರೂ ನೋಡುವಂತಿರಲಿಲ್ಲ.

ಮೊದಲ ಸುತ್ತು ಹುಕ್ಕೇರಿಯಲ್ಲಿ ನಡೆಯಿತು. ಎದುರಾಳಿಗಳು ನಮ್ಮ ಹುಡುಗರನ್ನು ನೋಡಿ "ಕುರಿ ಎಲ್ಲಿ ಬಿಟ್ಟ ಬಂದ್ರಲೇ?" ಎಂದು ನಕ್ಕರು. ನಾಯಕ ಯಲ್ಲೇಶ ಅರ್ಧ ಆಟ ಮುಗಿಯುವ ಮುನ್ನ ಎರಡು ಗೋಲು ಹೊಡೆದು, ಆಮೇಲೆ "ನಿಮ್ಮನ್ನ ನೋಡಾಕ ಬಂದೇವಿ, ಅವನ್ನ ಯಾರ ನೋಡ್ಬೇಕು?" ಎಂದ. ಆ ಎರಡು ಗೋಲುಗಳೇ ಸಾಕಾದವು.

ಗೆದ್ದ ಮರುದಿನ ಸತ್ಕಾರ ಸಮಾರಂಭ. ಆಟಕ್ಕಿಂತ ಅದು ಹೆಚ್ಚು ಹೊತ್ತು ನಡೆಯಿತು. ಶಾಲು, ಪೇಟ, ಹಾರ. ಹಾರ ಹಾಕಿದವರಿಗೊಂದು ಹಾರ. ಗೋಲ್‌ಕೀಪರನಿಗೆ ಶಾಲು ಹೊದಿಸುತ್ತ ಗುರುಪಾದರು ಧ್ವನಿವರ್ಧಕದಲ್ಲಿ, "ಈ ಹುಡುಗಾ ಇಡೀ ಆಟದಾಗ ಒಂದ ಗೋಲ ಹೊಡೀಲಿಲ್ಲ. ಹಿಂಗಂತ ನಾವು ಭೇದ ಮಾಡೂದಿಲ್ಲ. ಮುಂದಿನ ಸಲ ಹೊಡೀತಾನ," ಎಂದು ಆಶೀರ್ವದಿಸಿದರು. ಹುಡುಗ ಕಸ್ತೂರಿಯತ್ತ ನೋಡಿದ. ಕಸ್ತೂರಿ ಪೆಂಡಾಲಿನ ಮೇಲ್ಕಟ್ಟನ್ನು ನೋಡುತ್ತಿದ್ದಳು.

ಗೋಕಾಕದಲ್ಲಿ ನಡೆದ ಎರಡನೆಯ ಸುತ್ತನ್ನು ಪೆನಾಲ್ಟಿ ಒದೆತಗಳಲ್ಲಿ ಗೆದ್ದದ್ದು ಅದೇ ಗೋಲ್‌ಕೀಪರನ ಕೈಗಳಿಂದ. ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸು ಎದ್ದು ನಿಂತಿತು. ಅದರಲ್ಲಿ ಸಾವುಕಾರರ ಮುಖ ಗಾಡಿಯ ಗಾಲಿಯಷ್ಟಿತ್ತು; ಅಳಿಯನ ಮುಖ ತಾಟಿನಷ್ಟು; ಹನ್ನೊಂದು ಜನ ಆಟಗಾರರು ತಳದಲ್ಲಿ ಸಾಸಿವೆ ಚೆಲ್ಲಿದಂತೆ ಕಾಣುತ್ತಿದ್ದರು. ಕಸ್ತೂರಿಯ ಚಿತ್ರಕ್ಕೆ ಜಾಗ ಸಾಲಲಿಲ್ಲವಂತೆ. ಅವಳು ಅದಕ್ಕಾಗಿ ಕೊರಗಲಿಲ್ಲ. ಆ ಸಾಲಿನಲ್ಲಿ ನಿಲ್ಲದಿದ್ದುದೇ ತನಗಾದ ಸತ್ಕಾರ ಎಂದುಕೊಂಡಳು.

ಮೂರನೆಯ ಸುತ್ತಿಗೆ ಕೊಲ್ಲಾಪುರದ ತಂಡ ಘಟಪ್ರಭಾಕ್ಕೆ ಬರುವುದೆಂದಾಯಿತು. ಫುಟ್‌ಬಾಲಿಗಾಗಿ ಊಟ ಬಿಡುವ ಊರು ಕೊಲ್ಲಾಪುರ. ಆಟವನ್ನು ಮೊಬೈಲಿನಲ್ಲಿ ನೇರವಾಗಿ ತೋರಿಸುತ್ತಾರೆಂಬ ಸುದ್ದಿಯೂ ಬಂದಿತು. ಅಂದಿನಿಂದ ಆಡಳಿತ ಮಂಡಳಿಗೆ ನಿದ್ದೆ ಹತ್ತಲಿಲ್ಲ.

ಕಸ್ತೂರಿಯ ಚಿಂತೆ ಬೇರೆಯಿತ್ತು. ಹುಡುಗರಿಗೆ ಇದ್ದದ್ದು ಒಂದೇ ಜೊತೆ ಬಿಳಿ ಅಂಗಿ. ಬೇರೆ ಬಣ್ಣದ ಇನ್ನೊಂದು ಜೊತೆ ಇರಲೇಬೇಕೆಂದು ಕಪ್ಪಿನ ನಿಯಮ ಹೇಳುತ್ತಿತ್ತು. ಅದನ್ನು ಅವಳು ಹೋದ ಹೋದ ಸಭೆಯಲ್ಲೆಲ್ಲ ಹೇಳಿದಳು.

"ಒಂದ ಮೈಗೆ ಎರಡ ಅಂಗಿ ಯಾಕ್ರಿ?" ಎಂದರು ಗುರುಪಾದರು. "ಒಬ್ಬೊಬ್ಬಾ ಎರಡೆರಡ ಸಲ ಆಡ್ತಾನೇನ?"

ಮಂಡಳಿ ನಕ್ಕಿತು. ಸೋಮಶೇಖರ ಎಲ್ಲರಿಗಿಂತ ಕೊನೆಗೆ ನಗು ನಿಲ್ಲಿಸಿದ.

ಆಟದ ದಿನ ಹುಡುಗರು ಅಂಗಿಗಳನ್ನು ಚೀಲದಲ್ಲಿಟ್ಟುಕೊಂಡು ನೆಟ್ಟಗೆ ಮೈದಾನಕ್ಕೆ ಬರಬೇಕೆಂದು ಕಸ್ತೂರಿ ಕಟ್ಟಪ್ಪಣೆ ಮಾಡಿದ್ದಳು. ರೆಫರಿಯ ಮುಂಗಡ ಸಭೆಗೆ ಅವಳು ಮೈದಾನದಲ್ಲಿರಬೇಕಾಗಿತ್ತು. ಅವಳ ಬೆನ್ನು ತಿರುಗಿದ್ದೇ ತಡ, ಸಾವುಕಾರರು ಹುಡುಗರಿಗೆ ಅಂಗಿ ತೊಡಿಸಿ, ರೈಲ್ವೆ ಸ್ಟೇಷನ್ನಿನ ಎದುರಿನಿಂದ ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಹೊರಡಿಸಿದರು. ಅಂಗಿ ತೊಡದಿದ್ದರೆ ಆಟಗಾರರು ಯಾರೆಂದು ಕ್ಯಾಮೆರಾಕ್ಕೆ ಹೇಗೆ ತಿಳಿಯಬೇಕು? ಡೊಳ್ಳು ಮೊಳಗಿತು. ಸಾವುಕಾರರ ತಾಯಿ ರಾಮವ್ವ ಊರಿನ ಹೆಂಗಸರನ್ನು ಕಟ್ಟಿಕೊಂಡು ಕುರಿಗಾರರ ದೇವರು ಮಾಳಿಂಗರಾಯನ ಭಂಡಾರದ ಚೀಲಗಳನ್ನು ತಂದಿದ್ದರು. ಬೊಗಸೆಬೊಗಸೆ ಅರಿಶಿನ ಹುಡುಗರ ಮೇಲೆ ಬಿದ್ದಿತು. ಬಿಸಿಲಿಗೆ ಬೆವರು, ಬೆವರಿಗೆ ಭಂಡಾರ. ಮೈದಾನದ ಬಾಗಿಲಲ್ಲಿ ಟ್ರ್ಯಾಕ್ಟರು ನಿಂತಾಗ ಅದರಿಂದಿಳಿದವರು ನೆತ್ತಿಯಿಂದ ನಡುವಿನವರೆಗೆ ಬಂಗಾರದ ಬೊಂಬೆಗಳಂತಿದ್ದರು.

ಕಸ್ತೂರಿ ಆ ದೇವರಿಗೆ ನಡೆದುಕೊಳ್ಳುವ ಮನೆತನದವಳೇ. ಅವಳ ಹಣೆಯಲ್ಲೂ ಅಂದು ಭಂಡಾರವಿತ್ತು. ಆದರೆ ಅದು ಹಣೆಯಲ್ಲಿತ್ತು. ಅವಳು ತಿರುಗಿ ಮೈದಾನದ ಆ ತುದಿಯನ್ನು ನೋಡಿದಳು. ಕೊಲ್ಲಾಪುರದವರು ಕಾಲು ಸಡಿಲಿಸಿಕೊಳ್ಳುತ್ತಿದ್ದರು. ಅವರ ಅಂಗಿ ಅಚ್ಚ ಹಳದಿ.

ಬೆಂಗಳೂರಿನಿಂದ ಬಂದಿದ್ದ ರೆಫರಿ ಎರಡೂ ಕಡೆ ನೋಡಿ, ಗಡಿಯಾರ ನೋಡಿ, ಕಸ್ತೂರಿಯ ಬಳಿಗೆ ಬಂದ. "ಮೇಡಂ, ನೀವು ಬರೆದುಕೊಟ್ಟಿದ್ದು ಬಿಳಿ. ಅವರು ಬರೆದುಕೊಟ್ಟಿದ್ದು ಹಳದಿ. ಅವರು ಹೇಳಿದ ಬಣ್ಣದಲ್ಲೇ ಬಂದಿದ್ದಾರೆ. ನೀವು ಬದಲಾಯಿಸಬೇಕು."

"ಇದು ದೇವರ ಭಂಡಾರ ರಿ, ಸಾಹೇಬ್ರ," ಎಂದು ಗುರುಪಾದರು ವೇದಿಕೆಯಿಂದಲೇ ಕೂಗಿದರು.

"ದೇವರ ಬಗ್ಗೆ ನನಗೆ ತಕರಾರಿಲ್ಲ ಸಾರ್. ಬಣ್ಣದ ಬಗ್ಗೆ ಇದೆ. ಅರ್ಧ ಗಂಟೆ ಕೊಡ್ತೀನಿ. ಆಗಲಿಲ್ಲ ಅಂದ್ರೆ ಆಟ ಅವರಿಗೆ."

ಆಟ ಅವರಿಗೆ ಎಂದರೆ ಸೋಲು. ಸೋಲೆಂದರೆ ತಂಡ ಸೋಮಶೇಖರನಿಗೆ. ಒಂದು ಚೆಂಡನ್ನೂ ಒದೆಯದೆ ತನ್ನ ಹುಡುಗರು ಕೈತಪ್ಪುತ್ತಾರೆ ಎಂಬುದು ಕಸ್ತೂರಿಗೆ ಒಮ್ಮೆಲೇ ಹೊಳೆಯಿತು. ಅದು ಸೋಮಶೇಖರನಿಗೂ ಹೊಳೆದಿತ್ತು. ಅವನ ಮುಖದಲ್ಲಿ ದುಃಖ ತಕ್ಕಷ್ಟಿತ್ತು, ಅವಸರ ಎಳ್ಳಷ್ಟೂ ಇರಲಿಲ್ಲ. "ಇರ್ಲಿ ಬಿಡ್ರಿ ಅಕ್ಕೋರ, ನಿಯಮ ಅಂದ್ರ ನಿಯಮ," ಎಂದು ಅವನು ಸಮಾಧಾನ ಹೇಳಿದ.

ಕಸ್ತೂರಿಯ ದೃಷ್ಟಿ ಅವನ ಮೈಮೇಲೆ ನೆಟ್ಟಿತ್ತು. ಅವನು ತೊಟ್ಟಿದ್ದು ಹೊಚ್ಚ ಹೊಸ ಕೆಂಪು ಟೀಶರ್ಟು. ಅವನ ಮಗ್ಗುಲಲ್ಲಿದ್ದ ಸಂಚಾಲಕರದ್ದೂ ಅದೇ. ವೇದಿಕೆಯ ತುಂಬ ಅದೇ ಕೆಂಪು. ಆಟಗಾರರಿಗೆ ಎರಡನೆಯ ಅಂಗಿ ಯಾಕೆಂದು ನಕ್ಕಿದ್ದ ಮಂಡಳಿ, ಕ್ಯಾಮೆರಾದ ಸಲುವಾಗಿ ತನ್ನ ಒಬ್ಬೊಬ್ಬ ಪದಾಧಿಕಾರಿಗೂ ಬೆನ್ನ ಮೇಲೆ ಹುದ್ದೆ ಬರೆಸಿ ಟೀಶರ್ಟು ಹೊಲಿಸಿತ್ತು.

ಅವಳು ವೇದಿಕೆ ಹತ್ತಿದಳು.

"ಎಲ್ಲಾರೂ ಅಂಗಿ ಕಳೀರಿ."

ಸಾವುಕಾರರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರ ಕಿವಿಗಳೂ ಅಂಗಿಯ ಬಣ್ಣಕ್ಕೆ ತಿರುಗಿದವು. "ಏನ್ ಮಾತಾಡಾಕತ್ತೀರಿ ಅಕ್ಕೋರ? ಹಿರೇ ಮನಶ್ಯಾರು ಮಂದ್ಯಾಗ ಬನಿಯನ್ ಮ್ಯಾಲ ಕುಂದ್ರೂದ?"

"ಬನಿಯನ್ನರ ಹಾಕ್ಕೊಂಡೀರಲ್ರಿ, ಅದ ಪುಣ್ಯೇ. ಹುಡುಗ್ರ ಆಡ್ಬೇಕಾಗೇತಿ."

"ಮಾವಾರ ಮರ್ಯಾದಿ ಪ್ರಶ್ನಾ ರಿ ಇದು," ಎಂದು ಸೋಮಶೇಖರ ನಡುವೆ ಬಂದ. "ಆಡಲಿಲ್ಲಾಂದ್ರೂ ನಡೀತೈತಿ. ಸೋತ್ರೂ ಮಾನದಿಂದ ಸೋಲ್ಬೇಕು."

"ನಿಮಗ ನಡೀತೈತ್ರಿ," ಎಂದಳು ಕಸ್ತೂರಿ. "ಅದ ಎಲ್ಲಾರಿಗೂ ಕಾಣಾಕತ್ತೈತಿ."

ಮಂಡಳಿ ಒಬ್ಬರ ಮುಖ ಒಬ್ಬರು ನೋಡಿತು. ಯಾರ ಕೈಯೂ ಅಂಗಿಯ ಅಂಚಿಗೆ ಹೋಗಲಿಲ್ಲ. ಅಷ್ಟರಲ್ಲಿ ವೇದಿಕೆಯ ಕೆಳಗೆ ಮುಂಗೈವರೆಗೆ ಅರಿಶಿನವಾಗಿದ್ದ ರಾಮವ್ವ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏ ಗುರೂ, ಏನ ಹಚ್ಚೀರಿ ಅಲ್ಲಿ? ಅಕ್ಕೋರ ಏನ ಕೇಳಾಕತ್ತಾರ?"

"ಅಂಗಿ ಕೇಳಾಕತ್ತಾರವಾ."

"ಕೊಡು ಮತ್ತ. ನಿನ್ನ ಮೈಯಾಗ ನಾ ಕಾಣದ್ದ ಏನೈತಿ? ಭಂಡಾರ ಹಾರಿಸಿದಾಕಿ ನಾನು. ಹುಡುಗ್ರ ಆಟ ನಿಂತ್ರ ದೇವರ ನನ್ನ ಕೇಳ್ತಾನ, ನಿನ್ನ ಕೇಳೂದಿಲ್ಲ. ಕಳಿ ಅದನ್ನ."

ಗುರುಪಾದರು ಅಂಗಿ ಕಳೆದರು. ಅಧ್ಯಕ್ಷರೇ ಕಳೆದ ಮೇಲೆ ಉಪಾಧ್ಯಕ್ಷರು ಹಿಂದುಳಿಯುವಂತಿರಲಿಲ್ಲ. ಗೌರವಾಧ್ಯಕ್ಷರು ಕಳೆದರು, ಮಾರ್ಗದರ್ಶಕರು ಕಳೆದರು, ಸೋಮಶೇಖರ ಎಲ್ಲರಿಗಿಂತ ಕೊನೆಗೆ ಕಳೆದ. ಯಲ್ಲೇಶ ಎಲ್ಲಿಂದಲೋ ಬಿಳಿ ಟೇಪು ತಂದು, ಹುದ್ದೆಗಳ ಕೆಳಗೆ ಅಂಕಿಗಳನ್ನು ಅಂಟಿಸಿದ. ರೆಫರಿ ತುಟಿ ಕಚ್ಚಿ ನಗು ತಡೆದು ಸೀಟಿ ಊದಿದ. ಹೀಗೆ ರಾಷ್ಟ್ರೀಯ ಕಪ್ಪಿನ ಮೈದಾನಕ್ಕೆ ಸಂಚಾಲಕರು, ಸಹಸಂಚಾಲಕರು, ಖಜಾಂಚಿಗಳು ಇಳಿದರು. ವೇದಿಕೆಯ ಮೇಲೆ ಬನಿಯನ್ನುಗಳ ಸಾಲೊಂದು ಕೈಕಟ್ಟಿ ಕುಳಿತಿತು, ಮೊಬೈಲಿನ ಕ್ಯಾಮೆರಾ ಆಗಾಗ ಅತ್ತ ತಿರುಗಿ ನೋಡಿತು.

ಕೊಲ್ಲಾಪುರದವರು ಬಲ್ಲವರು. ಮೊದಲಾರ್ಧದಲ್ಲೇ ಒಂದು ಗೋಲು ಹೊಡೆದರು. ಆದರೆ ನಮ್ಮ ಹುಡುಗರು ಕೈಚೆಲ್ಲಲಿಲ್ಲ. ಬಲಬದಿಯಲ್ಲಿ ಆಡುತ್ತಿದ್ದ ಸಪೂರ ದೇಹದ ಲಖನನಿಗೆ ಅಧ್ಯಕ್ಷರ ಅಂಗಿ ಬಂದಿತ್ತು. ಗಾಳಿಗೆ ಅದು ಹಾಯಿಯಂತೆ ಉಬ್ಬುತ್ತಿತ್ತು. ದ್ವಿತೀಯಾರ್ಧದಲ್ಲಿ ಅವನು ಚೆಂಡಿನೊಡನೆ ಗೋಲಿನತ್ತ ನುಗ್ಗಿದಾಗ ಎದುರಾಳಿಯೊಬ್ಬ ಹಿಂದಿನಿಂದ ಅಂಗಿ ಹಿಡಿದೆಳೆದ. ಬೇರೆ ಅಂಗಿಯಾಗಿದ್ದರೆ ಒಂದು ಚಿಟಿಕೆ ಬಟ್ಟೆ ಸಿಗುತ್ತಿತ್ತು, ರೆಫರಿಯ ಕಣ್ಣಿಗೆ ಬೀಳುತ್ತಿರಲಿಲ್ಲ. ಇದು ಅವನ ಕೈಯಲ್ಲಿ ಪರದೆಯಂತೆ ಬಿಚ್ಚಿಕೊಂಡಿತು. ಇಡೀ ಘಟಪ್ರಭಾ ನೋಡಿತು. ಪೆನಾಲ್ಟಿ. ಯಲ್ಲೇಶ ಗೋಲು ಹೊಡೆದ. ಗುರುಪಾದರ ಹೊಟ್ಟೆ ಫುಟ್‌ಬಾಲಿಗೆ ಸಲ್ಲಿಸಿದ ಸೇವೆ ಅದೊಂದೇ.

ಸಮಬಲ ಬಹಳ ಹೊತ್ತು ಉಳಿಯಲಿಲ್ಲ. ಮೆರವಣಿಗೆಯ ಬಿಸಿಲಿನಲ್ಲಿ ನಿಂತು ನಿಂತು ಸೋತಿದ್ದ ಕಾಲುಗಳು ಕೊನೆಯ ಹೊತ್ತಿನಲ್ಲಿ ಸೆಟೆದುಕೊಂಡವು. ಸಹಸಂಚಾಲಕರು ಕಾಲು ಹಿಡಿದುಕೊಂಡು ಕುಳಿತ ಜಾಗದಿಂದಲೇ ಕೊಲ್ಲಾಪುರದವರು ಒಳನುಗ್ಗಿ ಎರಡನೆಯ ಗೋಲು ಹೊಡೆದರು. ಕುಲಗೋಡದ ಕಪ್ಪು ಅಲ್ಲಿಗೆ ಮುಗಿಯಿತು.

ಸೋತರೂ ಸತ್ಕಾರ ತಪ್ಪಲಿಲ್ಲ. ತಂದ ಶಾಲುಗಳನ್ನು ಏನು ಮಾಡಬೇಕು? ಆಟಗಾರರನ್ನು ವೇದಿಕೆಯ ಕುರ್ಚಿಗಳಲ್ಲಿ ಕೂರಿಸಿದರು. ಬನಿಯನ್ನಿನ ಮೇಲೆ ಶಾಲು ಹೊದ್ದುಕೊಂಡ ಗುರುಪಾದರು, ತಾವು ಅಂಗಿಯನ್ನೇ ತ್ಯಾಗ ಮಾಡಿದ ಪ್ರಸಂಗವನ್ನು ಸವಿಸ್ತಾರವಾಗಿ ವರ್ಣಿಸಿ, ಇಂದಿನಿಂದ ತಂಡದ ಹೊಣೆ ಸೋಮಶೇಖರನದೆಂದು ಸಾರಿದರು. ಆಮೇಲೆ ಕಸ್ತೂರಿಗೆ ತೆಂಗಿನಕಾಯಿ ಕೊಟ್ಟು, "ಅಕ್ಕೋರ ಎರಡ ಮಾತ ಆಡ್ತಾರ," ಎಂದರು.

ಕಸ್ತೂರಿ ಧ್ವನಿವರ್ಧಕದ ಮುಂದೆ ನಿಂತಳು.

"ಕೊಟ್ಟ ಮಾತಿನಂಗ ತಂಡ ಬಿಟ್ಟಕೊಟ್ಟೇನ್ರಿ. ಸಂಘಾ ನಿಮ್ಮದು, ಹೆಸರ ನಿಮ್ಮದು. ಮುಂದಿನ ವರ್ಷದ ಕಪ್ಪಿಗೆ ನಾ ಮೂಡಲಗಿಯಿಂದ ಬ್ಯಾರೇ ತಂಡ ಕಟ್ಕೊಂಡ ಬರ್ತೇನಿ. ಮೊದಲನೇ ಸುತ್ತಿನ ಚೀಟಿ ಎತ್ತೂ ಮುಂದ ನಮ್ಮ ಎದುರಿಗಿ ನಿಮ್ಮ ಹೆಸರ ಬರ್ಲಿ ಅಂತ ಮಾಳಿಂಗರಾಯಗ ಬೇಡ್ಕೋತೇನ್ರಿ. ನಮಸ್ಕಾರ."

ಮಂದಿ ಚಪ್ಪಾಳೆ ತಟ್ಟಿತು. ಆ ಊರಿನಲ್ಲಿ ಯಾರು ಮಾತು ಮುಗಿಸಿದರೂ ಚಪ್ಪಾಳೆ ಬೀಳುತ್ತದೆ. ತಮ್ಮ ಸಂಘದ ಹೆಸರೂ ದೇವರ ಹೆಸರೂ ಒಂದೇ ಮಾತಿನಲ್ಲಿ ಬಂದದ್ದಕ್ಕೆ ಹಿಗ್ಗಿದ ಗುರುಪಾದರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಸೋಮಶೇಖರನ ಕೈಗಳು ಮಾತ್ರ ಅರ್ಧಕ್ಕೇ ನಿಂತವು. ಅವನು ಆಟಗಾರರ ಸಾಲಿನತ್ತ ತಿರುಗಿದ.

ಯಲ್ಲೇಶ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು ಎದ್ದಿದ್ದ. ಅವನ ಹಿಂದೆ ಗೋಲ್‌ಕೀಪರ, ಆಮೇಲೆ ಲಖನ, ಆಮೇಲೆ ಇನ್ನೂ ಮೂವರು. ಉಳಿದವರು ತಲೆ ತಗ್ಗಿಸಿ ಕುಳಿತೇ ಇದ್ದರು. ಅವರ ಅಪ್ಪಂದಿರು ಸಾವುಕಾರರ ಟ್ರ್ಯಾಕ್ಟರುಗಳ ಮೇಲೆ ದುಡಿಯುವವರು. ಕಸ್ತೂರಿ ಅವರ ಮೇಲೆ ಸಿಟ್ಟಾಗಲಿಲ್ಲ. ಅವಳ ಸಿಟ್ಟಿಗೆ ಅದೇ ವೇದಿಕೆಯಲ್ಲಿ ತಕ್ಕವರು ಬೇಕಾದಷ್ಟಿದ್ದರು.

"ಅಕ್ಕೋರ, ನಾಳೆ ಮೂಡಲಗಿ ಸಾಲೀ ಮೈದಾನಕ್ಕ ಎಷ್ಟೊತ್ತಿಗಿ ಬರೂಣ್ರಿ?" ಎಂದ ಯಲ್ಲೇಶ.

"ನಾಳೆ ಬ್ಯಾಡ. ಕಾಲ ಆರ್ಲಿ. ನಾಡಿದ್ದ ಮುಂಜಾನೆ ಹೊತ್ತ ಹೊಂಡೂದಕ್ಕ ಬರ್ರಿ."

ಧ್ವನಿವರ್ಧಕದಲ್ಲಿ ಮಾರ್ಗದರ್ಶಕರ ಭಾಷಣ ಶುರುವಾಯಿತು. ಬಸ್ಸಿನ ದಾರಿ ಹಿಡಿದ ಕಸ್ತೂರಿ, ಹಿಂಬದಿಯಲ್ಲಿ ಆಡಲು ಮುಧೋಳದ ಕಡೆಯ ಹುಡುಗರು ಯಾರಾದರೂ ಸಿಕ್ಕಾರೇ ಎಂದು ಮನಸ್ಸಿನಲ್ಲೇ ಹುಡುಕತೊಡಗಿದ್ದಳು.