ಬೀಡಿಗೆ ಬಂದ ಮ್ಯಾಟ್

ಬೆಳಗಾವಿಗೆ ರಾಷ್ಟ್ರೀಯ ಕುಸ್ತಿ ಮಹೋತ್ಸವ ಬರುತ್ತದೆಂದು ಗೊತ್ತಾದ ದಿನ ಊರೆಲ್ಲ ಪಟಾಕಿ ಹಾರಿಸಿತು. ಖರ್ಚಿನ ಅಂದಾಜು ಹೊರಬಿದ್ದಾಗ ನೋಡಿದರೆ ಆ ಪಟಾಕಿಯೂ ಅದರಲ್ಲೇ ಸೇರಿತ್ತು. ಮೊದಲು ಎರಡು ಕೋಟಿ ಎಂದರು. ಗಣಪತಿ ಹಬ್ಬ ಮುಗಿಯುವುದರೊಳಗೆ ಐದಾಯಿತು, ದೀಪಾವಳಿಗೆ ಒಂಬತ್ತು. ಕುಸ್ತಿ ಮಾತ್ರ ಮೊದಲು ಹೇಳಿದ್ದ ಮೂರೇ ದಿನ. ಪೈಲ್ವಾನರು ಒಬ್ಬರೂ ಹೆಚ್ಚಾಗಿರಲಿಲ್ಲ. ಹೆಚ್ಚಾದದ್ದು ಸ್ವಾಗತದ ಕಮಾನುಗಳು, ಕಮಾನಿನ ಮೇಲಿನ ಫೋಟೋಗಳು, ಆ ಫೋಟೋದಲ್ಲಿದ್ದವರು ಕೂರಲು ಬೇಕಾದ ಸೋಫಾಗಳು. ಸರಕಾರದ ಅನುದಾನ ಸಾಲದೆ ಮಹೋತ್ಸವ ಸಮಿತಿಯವರು ಖಾನಾಪುರ ತಾಲೂಕಿನ ಹಳ್ಳಿಹಳ್ಳಿಗೂ ಬಂದು ಚಂದಾ ಪಟ್ಟಿ ಎತ್ತಿದರು. ಜನ ಗೊಣಗಿದರು, ಗೊಣಗುತ್ತಲೇ ಕೊಟ್ಟರು.

ಬೀಡಿ ಎಂಬ ಹಳ್ಳಿಯ ಸಾವಂತ್ರವ್ವ ಮಾತ್ರ ಗೊಣಗದೆ ಕೊಟ್ಟಳು. ದಿನಾ ಬಸ್ಸು ಹಿಡಿದು ಮಚ್ಛೆಗೆ ಹೋಗಿ, ಫೌಂಡ್ರಿಯೊಂದರಲ್ಲಿ ಮರಳಿನ ಅಚ್ಚು ಮಾಡಿ ದುಡಿಯುವ ಹೆಂಗಸು ಅವಳು. ದುಡ್ಡು ಚೆಲ್ಲುವ ಪೈಕಿ ಅಲ್ಲವೇ ಅಲ್ಲ. ಆದರೆ ಆ ಇಡೀ ಖರ್ಚಿನಲ್ಲಿ ಅವಳಿಗೆ ಬೇಕಾದದ್ದು ಒಂದಿತ್ತು. ಬೀಡಿಯ ಶಾಲೆಗೆ ಅಭ್ಯಾಸಕ್ಕೊಂದು ಕುಸ್ತಿ ಮ್ಯಾಟ್ ಕೊಡುತ್ತೇವೆಂದು ಸಮಿತಿಯವರು ಮಾತು ಕೊಟ್ಟಿದ್ದರು. ಮಗಳು ರೂಪಾಲಿ ಗರಡಿಯ ಮಣ್ಣಿನಲ್ಲಿ ಆಡಿ ಬೆಳೆದವಳು, ಮಣ್ಣಿನಲ್ಲಿ ಅವಳನ್ನು ಕೆಡವುವ ಹುಡುಗಿ ತಾಲೂಕಿನಲ್ಲೇ ಇರಲಿಲ್ಲ. ಕ್ರೀಡಾ ಹಾಸ್ಟೆಲಿನ ಆಯ್ಕೆ ನಡೆಯುವುದು ಮಾತ್ರ ಮ್ಯಾಟಿನ ಮೇಲೆ, ಬೂಟು ಹಾಕಿಕೊಂಡು. ಬರಿಗಾಲಿನ ಹೆಬ್ಬೆರಳು ಊರಿ ಗಿರಕ್ಕನೆ ತಿರುಗುವವರಿಗೆ ಅಲ್ಲಿ ಬೂಟಿನ ತಳ ಕಚ್ಚಿಕೊಂಡು ಬಿಡುವುದೇ ಇಲ್ಲ. ಹೋದ ವರ್ಷ ಹಾಗೇ ಸೋತು ಬಂದಿದ್ದಳು. ಈ ಸಲದ ಆಯ್ಕೆ ಮಹೋತ್ಸವದ ಕೊನೆಯ ದಿನ, ಬೆಳಗಾವಿಯಲ್ಲೇ. ಇದೂ ತಪ್ಪಿದರೆ ವಯಸ್ಸು ಮೀರುತ್ತದೆ, ಮತ್ತೆ ಯಾರೂ ಕರೆಯುವುದಿಲ್ಲ.

ಜನರ ಗೊಣಗಾಟ ಪೇಪರಿಗೆ ಬಂದ ಮೇಲೆ ಸಮಿತಿಯವರು ಖಾನಾಪುರದಲ್ಲಿ ಸಭೆ ಕರೆದರು. ಅಧ್ಯಕ್ಷ ಗುರುಪುತ್ರಪ್ಪ ಬೆಳಗಾವಿಯ ಅನಗೋಳದ ವ್ಯಾಪಾರಿ. ಜನ್ಮದಲ್ಲಿ ಅವನು ಹಿಡಿದ ಕುಸ್ತಿಯೆಲ್ಲ ಮೈಕಿನ ಜೊತೆಗೆ. ಖಾನಾಪುರದ ನಿವೃತ್ತ ಮಾಸ್ತರ ದುಂಡಪ್ಪ ಎದ್ದು ನಿಂತು ಕೇಳಿದರು: "ಅಧ್ಯಕ್ಷರ, ಎರಡ್ ಕೋಟಿ ಹೋಗಿ ಒಂಬತ್ ಹೆಂಗಾತ್ರೀ?"

"ಅಂದಾಜು ಅಂದ್ರ ಅಂದಾಜರೀ ಮಾಸ್ತರ," ಎಂದ ಗುರುಪುತ್ರಪ್ಪ. "ನಿಮ್ಮ ಮನಿ ಮದಿವಿ ಅಂದಾಜಿನೊಳಗ ಮುಗದಿತ್ತೇನ್ರೀ?"

ಜನ ಗೊಳ್ಳೆಂದು ನಕ್ಕರು. ಏಳು ಕೋಟಿ ಆ ನಗೆಯಲ್ಲೇ ತೇಲಿಹೋಯಿತು. ಸಾವಂತ್ರವ್ವನಿಗೆ ನಗು ಬರಲಿಲ್ಲ, ಮೈ ಉರಿಯಿತು. "ನಮ್ಮ ಬೀಡಿ ಸಾಲಿ ಮ್ಯಾಟ್ ಎಲ್ಲಿ ಐತ್ರೀ?" ಎಂದು ಕೂಗಿ ಕೇಳಿದಳು.

ಸಮಿತಿಯ ಕಾರ್ಯದರ್ಶಿ ಗಜಾನನ ಕನ್ನಡದಲ್ಲಿ ಕೂತು ಮರಾಠಿಯಲ್ಲಿ ಏಳುವ ಮನುಷ್ಯ. ತಾನೆಷ್ಟು ಚುರುಕೆಂದು ತೋರಿಸಲು ಎಲ್ಲರೆದುರೇ ಗುತ್ತಿಗೆದಾರನಿಗೆ ಫೋನು ಹಚ್ಚಿದ. "ಬೀಡೀಲಾ ಕುಸ್ತೀಚಿ ಮ್ಯಾಟ್ ಟಾಕ! ಉದ್ಯಾಚ್ ಟಾಕ!" ಎಂದು ಅರಚಿ, "ನಾಳೇನ ಹಾಕಾಕ ಹೇಳೇನ್ರಿ" ಎಂದು ಕನ್ನಡದಲ್ಲೂ ಸಾರಿದ. ಸಭೆ ಚಪ್ಪಾಳೆ ತಟ್ಟಿತು.

ಫೋನಿನ ಆ ಕಡೆ ಜೆಸಿಬಿ ಗುಡುಗುತ್ತಿತ್ತು. ಗುತ್ತಿಗೆದಾರನ ಕಿವಿಗೆ ಬಿದ್ದದ್ದು ಮ್ಯಾಟ್ ಅಲ್ಲ, ಮಾತಿ. ಮರಾಠಿಯ ಮಾತಿ ಎಂದರೆ ಮಣ್ಣು. ಅವನ ಅಜ್ಜನ ಕಾಲದಿಂದಲೂ ಕುಸ್ತಿ ಹಿಡಿಯುವುದು ಮಣ್ಣಿನಲ್ಲೇ ಆದ್ದರಿಂದ ಅವನಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ.

ಮರುದಿನ ಸಂಜೆ ಸಾವಂತ್ರವ್ವ ಬಸ್ಸಿಳಿದು ನೋಡಿದರೆ ಶಾಲೆಯ ಮುಂದೆ ಐದು ಟಿಪ್ಪರ್ ಕೆಂಪು ಮಣ್ಣು ಗುಡ್ಡದಂತೆ ಬಿದ್ದಿತ್ತು. ಮಡಕೆಗೂ ಹಂಚಿಗೂ ಊರೂರಿಗೆ ಮಣ್ಣು ಕಳಿಸಿದ ಖಾನಾಪುರ ತಾಲೂಕಿಗೆ ಹೊರಗಿನಿಂದ ಮಣ್ಣು ತಂದು ಸುರಿದಿದ್ದರು, ಅದೂ ಜನರಿಂದ ಎತ್ತಿದ ಪಟ್ಟಿಯ ದುಡ್ಡಿನಲ್ಲಿ! ರೂಪಾಲಿ ಹೊಸ ಬೂಟು ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದಳು. "ಯವ್ವಾ, ಇದರ ಮ್ಯಾಲ ಆಡೂದೇನು?" ಎಂದಳು.

ಸಾವಂತ್ರವ್ವ ಕೆಲಸಕ್ಕೆ ರಜೆ ಹಾಕಿ ಅನಗೋಳಕ್ಕೆ ಹೋದಳು. ಗುರುಪುತ್ರಪ್ಪ ಮರ್ಯಾದೆಗೇನೂ ಕಡಿಮೆ ಮಾಡಲಿಲ್ಲ.

"ಬರ್ರಿ ಅಕ್ಕಾರ, ಕುಂದರ್ರಿ. ತಪ್ಪಾಗೈತಿ, ಖರೇ. ಆದ್ರ ಬೀಡಿಗೆ ಮ್ಯಾಟ್ ಕೊಟ್ಟೇವಂತ ಮ್ಯಾಲಿನವರಿಗೆ ಹೇಳಿ ಆಗೇದ. ಈಗ ಇನ್ನೊಂದ್ ತರಸಿದ್ರ ಖರ್ಚು ಮತ್ತ ಏರ್ತದ. ಮೊದಲ ಮಂದಿ ಖರ್ಚು ಖರ್ಚು ಅಂತ ಬಾಯಿ ಬಡಕೊಳ್ಳಾಕ ಹತ್ಯಾರ. ಮಣ್ಣಾದ್ರೇನು ಮ್ಯಾಟಾದ್ರೇನು, ಬೀಳೂದು ಒಂದ ಅಲ್ಲೇನ್ರೀ?"

"ಬೀಳಾವರಿಗೆ ಒಂದರೀ," ಎಂದಳು ಸಾವಂತ್ರವ್ವ. "ನನ್ನ ಮಗಳು ಗೆಲ್ಲಾಕ ಹೊಂಟಾಳ."

"ಹಂಗಾದ್ರ ಅಕಿಗೆ ಸ್ಟೇಜ್ ಮ್ಯಾಲ ಫೇಟಾ ಸುತ್ತಿ ಸತ್ಕಾರ ಮಾಡೂಣ್ರೀ!"

ತಂದಿಟ್ಟ ಚಹಾ ಮುಟ್ಟದೆ ಅವಳು ಎದ್ದು ಬಂದಳು. ಹುಡುಗಿ ಶಾಲೆಯ ವರಾಂಡದ ಫರಸಿ ಕಲ್ಲಿನ ಮೇಲೆ ಗೋಣಿಚೀಲ ಹಾಸಿಕೊಂಡು ಅಭ್ಯಾಸ ಮಾಡಿದಳು.

ಆಯ್ಕೆಯ ದಿನ ರೂಪಾಲಿ ಮೊದಲ ಎರಡು ಕುಸ್ತಿಗಳನ್ನು ಬರೀ ತೋಳಿನ ಬಲದಿಂದ ಗೆದ್ದಳು. ಮೂರನೆಯದೂ ಗೆದ್ದರೆ ಹಾಸ್ಟೆಲಿನಲ್ಲಿ ಸೀಟು. ಎದುರಾಳಿಯ ಕೈ ಸಿಕ್ಕಿತ್ತು, ಎತ್ತಿ ಒಗೆಯಲು ತಿರುಗಿದಳು. ಮೈ ತಿರುಗಿತು, ಬೂಟು ತಿರುಗಲಿಲ್ಲ. ಬೆನ್ನು ನೆಲ ಕಂಡಿತು.

ಅಷ್ಟರಲ್ಲಿ ಗುರುಪುತ್ರಪ್ಪನ ಕೈಗೆ ಮೈಕು ಬಂದಿತ್ತು. "ಈ ಗ್ರಾಮೀಣ ಪ್ರತಿಭೆಗೆ ನಮ್ಮ ಸಮಿತಿ ವಿಶೇಷ ಮ್ಯಾಟಿನ ಸೌಲಭ್ಯ ಕೊಟ್ಟಿತ್ತು. ಅದರ ಸದುಪಯೋಗ ಆಗಲಿಲ್ಲವೆಂಬುದೇ ವಿಷಾದ," ಎಂದು ಸೋಫಾಗಳ ಕಡೆ ತಿರುಗಿ ಹೇಳಿದ. ಒಂಬತ್ತು ಕೋಟಿಗೆ ಯಾರನ್ನು ಬೈಯಬೇಕೆಂದು ತಿಳಿಯದೆ ತಿಂಗಳುಗಟ್ಟಲೆ ಒದ್ದಾಡಿದ್ದ ಜನಕ್ಕೆ ಕೊನೆಗೂ ಒಬ್ಬಳು ಸಿಕ್ಕಳು. ಗ್ಯಾಲರಿಯಲ್ಲಿ ಶಿಳ್ಳೆ ಬಿತ್ತು.

ಸಾವಂತ್ರವ್ವನ ಪಕ್ಕದಲ್ಲೇ ದುಂಡಪ್ಪ ಮಾಸ್ತರ ಕೂತಿದ್ದರು. ಅವಳು ಆ ಹುಡುಗಿಯ ತಾಯಿ ಎಂದು ಅವರಿಗೆ ಗೊತ್ತಿರಲಿಲ್ಲ. "ನೋಡವ್ವಾ, ಇಂಥಾ ಹುಡುಗ್ಯಾರಿಗೆ ಮ್ಯಾಟ್ ಕೊಡಸಿ ನಮ್ಮ ಪಟ್ಟಿ ರೊಕ್ಕಾ ಮಣ್ಣಪಾಲು ಮಾಡಿದ್ರು," ಎಂದರು.

"ಹೌದ್ರಿ ಮಾಸ್ತರ, ಮಣ್ಣಪಾಲ ಆತು. ಐದ್ ಟಿಪ್ಪರ್ ಮಣ್ಣು, ಬೀಡಿ ಸಾಲಿ ಮುಂದ ಬಿದ್ದೈತಿ. ಹೋಗಿ ಕಣ್ಣಾರೆ ನೋಡಿ ಬರ್ರಿ. ಆ ಹುಡುಗಿ ನನ್ನ ಮಗಳು."

ಮಾಸ್ತರ ಬೆರಳು ಮಡಿಸಿ ಲೆಕ್ಕ ಹಾಕಿದರು. "ಐದ್ ಟಿಪ್ಪರ್? ಅದನ್ನ ತಗಸಾಕ ಮತ್ತ ಎಷ್ಟ್ ಖರ್ಚು ಹಚ್ತಾರೋ!" ಎಂದರು.

ಸಾವಂತ್ರವ್ವ ಎದ್ದು ಮಗಳನ್ನು ಹುಡುಕಿಕೊಂಡು ಕೆಳಗಿಳಿದಳು. ಗಣ್ಯರೆಲ್ಲ ಊಟಕ್ಕೆ ಹೋಗಿದ್ದರು. ರೂಪಾಲಿ ಒಬ್ಬಳೇ ಮ್ಯಾಟಿನ ನಡುವೆ ನಿಂತು, ತಾನು ಬಿದ್ದ ಆ ಪಟ್ಟನ್ನೇ ಮೆಲ್ಲಗೆ, ಮತ್ತೆ ಮತ್ತೆ ಹಾಕಿ ನೋಡುತ್ತಿದ್ದಳು. ನಾಲ್ಕನೆಯದೋ ಐದನೆಯದೋ ಸಲಕ್ಕೆ ಕಾಲು ಸಲೀಸಾಗಿ ತಿರುಗಿತು.

"ಯವ್ವಾ, ಬಂತು ನೋಡಬೇ! ಹಿಮ್ಮಡ ಮೊದಲ ಎತ್ತಬೇಕು, ಆಮ್ಯಾಲ ತಿರಗಬೇಕು. ಈಗ ತಿಳೀತು!"

ಪೆಂಡಾಲಿನ ಆಳೊಬ್ಬ ಬಂದು ಮ್ಯಾಟಿನ ಅಂಚು ಎತ್ತಿದ. "ಇಳಿ ತಂಗಿ ಕೆಳಗ. ಬಾಡಗಿ ಮ್ಯಾಟ್ ಐತಿದು. ಹೊತ್ತಾದ್ರ ಖರ್ಚು ಹೆಚ್ಚಾಗ್ತೈತಿ."